ಟೊಮ್ಯಾಟೊ ಗಾಡಿಯೂ ನನ್ನ ಭಾಷಣವೂ

ಹೊಸದೇನಾದರೂ ಕಂಡರೆ ಅದನ್ನು ಊರಿನ ತಲೆಗೆ ಕಟ್ಟುವವರೆಗೆ ನನಗೆ ಉಂಡ ಅನ್ನ ಅರಗುವುದಿಲ್ಲ. ಹಿಂದೊಮ್ಮೆ ಹೊಗೆಯಿಲ್ಲದ ಒಲೆ ತಂದು ಮನೆಯವರನ್ನೆಲ್ಲ ಕೆಮ್ಮಿಸಿದ್ದನ್ನು ನನ್ನ ಹೆಂಡತಿ ಕೊಟ್ರಮ್ಮ ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾಳೆ. ಈ ಸಲ ತಂದದ್ದು ಮೊಬೈಲ್ ಆ್ಯಪು. ನಮ್ಮೂರು ಹಿರೇಹಡಗಲಿಯಲ್ಲಿ ಟೊಮ್ಯಾಟೊ ಬೆಳೆಯುವ ನಾವು ಏಳು ಮಂದಿ ಏಳು ಡೀಸೆಲ್ ಗಾಡಿ ಮಾಡಿಕೊಂಡು, ಅರ್ಧರ್ಧ ಖಾಲಿಯೇ, ತಾಲೂಕು ಊರು ಹಡಗಲಿಯ ಮಾರ್ಕೆಟ್ಟಿಗೆ ಹೋಗುತ್ತಿದ್ದೆವು. ಇನ್ನು ಏಳು ಮಂದಿಗೂ ಒಂದೇ ಗಾಡಿ ಸಾಕು. ಬಾಡಿಗೆ ಗಾಡಿ ಓಡಿಸುವ ಖಾಜಾಸಾಬರ ಹತ್ತಿರ ಬ್ಯಾಟರಿ ಗಾಡಿ ಎರಡಿದ್ದವು, ಒಂದು ಸಣ್ಣದು, ಒಂದು ದೊಡ್ಡದು. ನಾಳೆ ಎಷ್ಟು ಕ್ರೇಟು ಎಂದು ಸಂಜೆಯೊಳಗೆ ಒತ್ತಿದರೆ, ಯಾವುದು ಬರಬೇಕು, ಯಾರ ಹೊಲಕ್ಕೆ ಮೊದಲು ಎಂಬುದನ್ನೆಲ್ಲ ಫೋನೇ ಹೇಳುತ್ತಿತ್ತು.

ಮೊದಲ ದಿನ ಉಳಿದ ಆರೂ ಮಂದಿ ಒತ್ತಿದ್ದು ‘ಒಂದು’. ಸಣ್ಣ ಗಾಡಿ ಬಂತು.

“ಒಂದೊಂದ ಕ್ರೇಟು ಅಂದ್ರಿ, ಇಲ್ಲಿ ಗುಡ್ಡನ ಐತಲ್ರಿ! ನಾಳೆನೂ ಹಿಂಗಾದ್ರ ನಾ ಬ್ಯಾರೆ ಊರಿಗೆ ಹೊಕ್ಕೀನಿ ನೋಡ್ರಿ” ಎಂದರು ಖಾಜಾಸಾಬರು. ಉಳಿದ ಹಣ್ಣು ಕುರಿಗಳ ಪಾಲಾಯಿತು.

ಯಾಕೆ ಒಂದೇ ಒತ್ತಿದೆ ಎಂದು ಪಕ್ಕದ ಹೊಲದ ಹನುಮಂತಪ್ಪನನ್ನು ಹಿಡಿದು ಕೇಳಿದೆ. “ಗಿಡದಾಗ ಇರೋದನ್ನ ಎಣಿಸಿ ಊರಿಗೆಲ್ಲ ಹೇಳಿದ್ರ ಕಣ್ಣು ತಾಗಂಗಿಲ್ಲೇನೋ ಮಾರಾಯ?” ಎಂದ. ನನಗೆ ಸಿಟ್ಟು ನೆತ್ತಿಗೇರಿತು. ಏಳೂ ಮನೆಯವರನ್ನು ಕೂಡಿಸಿ, ದೃಷ್ಟಿ ಗಿಷ್ಟಿ ಎಲ್ಲ ಸುಳ್ಳು ಎಂದು ಅರ್ಧ ಗಂಟೆ ಭಾಷಣ ಬಿಗಿದೆ. ಎಲ್ಲರೂ ತಲೆ ಅಲ್ಲಾಡಿಸಿದರು. ಸಂಜೆ ಮತ್ತೆ ‘ಒಂದು’ ಒತ್ತತೊಡಗಿದರು.

ಈರುಳ್ಳಿ ಹೆಚ್ಚುತ್ತಿದ್ದ ಕೊಟ್ರಮ್ಮ ತಲೆ ಎತ್ತದೆ ಹೇಳಿದಳು: “ಹಣ್ಣು ಎಷ್ಟು ಅಂತ ಯಾಕ ಕೇಳ್ತೀರಿ? ಖಾಲಿ ಕ್ರೇಟು ಎಷ್ಟು ಬೇಕು ಅಂತ ಕೇಳ್ರಿ. ಖಾಲಿದಕ್ಕ ಯಾರ ಕಣ್ಣು ಬೀಳ್ತೈತಿ?”

ಅಬ್ಬಾ! ಆ್ಯಪಿನಲ್ಲಿ ಪ್ರಶ್ನೆ ಬದಲಾಯಿಸಿದ್ದೇ ತಡ, ಐದು, ಏಳು, ಒಂಬತ್ತು ಎಂದು ಎಲ್ಲರೂ ಧಾರಾಳವಾಗಿ ಒತ್ತಿದರು. ಬೆಳಿಗ್ಗೆ ದೊಡ್ಡ ಗಾಡಿ ಬಂತು, ಇರುವೆ ನುಸುಳಲೂ ಜಾಗವಿಲ್ಲದಂತೆ ತುಂಬಿತು. ಒಂದು ಹಣ್ಣೂ ಕುರಿಗೆ ಹೋಗಲಿಲ್ಲ. ಹನುಮಂತಪ್ಪ ಸಿಳ್ಳೆ ಹೊಡೆದ. ಗೆದ್ದೆವು ಎಂದು ನಾನು ಕುಣಿಯುವುದೊಂದು ಬಾಕಿ.

“ಎಲ್ಲಾರದೂ ಬರೋಬ್ಬರಿ ಐತ್ರಿ” ಎಂದ ಖಾಜಾಸಾಬರು ಸುತ್ತ ನೋಡಿದರು. “ಕೆಳಗ ನಾಲ್ಕು ಕ್ರೇಟು ಹೆಚ್ಚಿಗಿ ಉಳದಾವು. ಇವು ಯಾರವ್ರಿ?”

ಕೊಟ್ರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಏನು ಮಾಡಲಿ, ಸಂಜೆ ಒತ್ತುವಾಗ ನನ್ನ ಬೆರಳು ತಾನಾಗಿಯೇ ನಾಲ್ಕು ಕಡಿಮೆ ಒತ್ತಿತ್ತು. ಆ ನಾಲ್ಕನ್ನು ಮೊಪೆಡ್ಡಿಗೆ ಬಿಗಿದುಕೊಂಡು, ಬ್ಯಾಟರಿ ಗಾಡಿಯ ಹಿಂದೆ, ಹಡಗಲಿಯವರೆಗೂ ನಾನೊಬ್ಬನೇ ಹೊಗೆ ಬಿಡುತ್ತಾ ಹೋದೆ.