ಸಿನಿಮಾದ ವಿಮಾನ, ಮಂಡ್ಯದ ರನ್‌ವೇ

ಯಾರನ್ನೂ ನಗಿಸಬೇಕು ಅಂತ ನಾನು ಮನೆಯಿಂದ ಹೊರಟವಳಲ್ಲ. ಆದರೂ ವಿಮಾನದ ಸಿನಿಮಾ ಹಾಕಿದ ಭಾನುವಾರ ಏನೂ ಆಗದೆ ಸುಮ್ಮನೆ ಮಂಡ್ಯದ ಗುತ್ತಲಿನ ಮನೆಗೆ ವಾಪಸ್ಸು ಬಂದ ನೆನಪು ನನಗಿಲ್ಲ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದೆ. ಮನೆಯಲ್ಲಿ ಕೂತರೆ ಕಾಲು ನೋವು, ಓಡಾಡಿದರೆ ಏನೂ ಇಲ್ಲ. ಹಾಗಾಗಿ ಒಂದು ಪ್ರೊಜೆಕ್ಟರು, ಒಂದು ಬಿಳಿ ಬೆಡ್‌ಶೀಟು ಇಟ್ಟುಕೊಂಡು ಊರೂರಿಗೆ ಹೋಗಿ ಸಿನಿಮಾ ತೋರಿಸುವ ಕೆಲಸ ಹಚ್ಚಿಕೊಂಡೆ. ಮೊದಮೊದಲು ವಿಮಾನ ಹಾರಿಸಿದವರ ಮೇಲೆ ಬೇರೆ ಬೇರೆ ದೇಶದವರು ಮಾಡಿದ ಸಿನಿಮಾಗಳು ಬೇಕಾದಷ್ಟಿವೆ. ನೋಡುವುದಕ್ಕೆ ಚೆನ್ನ, ಆದರೆ ಅರ್ಧ ನಿಜ, ಅರ್ಧ ಗಾಳಿಸುದ್ದಿ. ಅದಕ್ಕೇ ಸಿನಿಮಾ ಮುಗಿದ ಮೇಲೆ ಕರಿಹಲಗೆಯ ನಡುವೆ ಗೆರೆ ಎಳೆಯುತ್ತೇನೆ. ಎಡಗಡೆ ‘ನಡೆದದ್ದು’, ಬಲಗಡೆ ‘ಕಟ್ಟಿದ್ದು’. ಜನರನ್ನೇ ಕೇಳುತ್ತಾ ಒಂದೊಂದೇ ಸಂಗತಿಯನ್ನು ಅದರದರ ಕಡೆ ಬರೆಯುತ್ತೇನೆ. ಕೆಲಸ ಇಷ್ಟೇ. ಮಿಕ್ಕಿದ್ದನ್ನೆಲ್ಲ ಜನರೇ ನೋಡಿಕೊಳ್ಳುತ್ತಾರೆ.

ಹನ್ನೆರಡು ಸೆಕೆಂಡು

ಮೊದಲ ಸಲ ವಿಮಾನ ಹಾರಿಸಿದ ಅಮೆರಿಕದ ಅಣ್ಣತಮ್ಮಂದಿರ ಸಿನಿಮಾವನ್ನು ಮದ್ದೂರಿನ ಒಂದು ಶಾಲೆಯಲ್ಲಿ ಹಾಕಿದ್ದೆ. ಅದರಲ್ಲಿ ವಿಮಾನ ಬೆಟ್ಟ ದಾಟಿ ಹೋಗುತ್ತದೆ, ಕೆಳಗೆ ಸಾವಿರಾರು ಜನ ಟೋಪಿ ಎಸೆಯುತ್ತಾರೆ, ಬ್ಯಾಂಡು ಬಾರಿಸುತ್ತಾರೆ.

“ಬ್ಯಾಂಡೂ ಇಲ್ಲ, ಜನವೂ ಇಲ್ಲ. ಅವತ್ತು ಅಲ್ಲಿ ನೋಡುವುದಕ್ಕೆ ಇದ್ದವರು ಐದೇ ಜನ. ಮೊದಲನೇ ಸಲ ವಿಮಾನ ಗಾಳಿಯಲ್ಲಿದ್ದದ್ದು ಹನ್ನೆರಡು ಸೆಕೆಂಡು. ಹೋದ ದೂರ ಈ ಶಾಲೆಯ ಗೇಟಿನಿಂದ ಆ ನಲ್ಲಿಯವರೆಗೆ,” ಅಂದೆ.

ಎಲ್ಲರೂ ಗೇಟು ನೋಡಿದರು, ನಲ್ಲಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಮೋಸ ಮಾಡಿದವಳು ನಾನೇ ಅನ್ನುವ ಹಾಗೆ. ಮಗಳನ್ನು ಕರೆದುಕೊಂಡು ಹೋಗಲು ಬಂದ ಬಸ್ ಕಂಡಕ್ಟರೊಬ್ಬರು ಬಾಗಿಲಲ್ಲಿ ನಿಂತಿದ್ದರು.

“ಅನ್ನೆಲ್ಡು ಸೆಕೆಂಡಾ ಮೇಡಮ್ಮೋರೆ?”

“ಹೌದು.”

“ನಮ್ಮ ರೂಟಲ್ಲಿ ಒಂದು ಹಂಪು ಅದೆ. ಇಂದ್ಗಡೆ ಸೀಟಲ್ಲಿ ಕೂತೋರು ಅದ್ಕಿಂತ ಜಾಸ್ತಿ ಒತ್ತು ಗಾಳೀಲಿ ಇರ್ತಾರೆ. ಟಿಕೀಟೂ ತಗೊಂಡಿರ್ತಾರೆ.”

ದಾರವಿಲ್ಲದ ಸೂಜಿ

ಅದೇ ಸಿನಿಮಾವನ್ನು ಬೆಸಗರಹಳ್ಳಿಗೂ ತೆಗೆದುಕೊಂಡು ಹೋದೆ. ಆ ಅಣ್ಣತಮ್ಮಂದಿರಿಗೆ ಒಬ್ಬಳು ತಂಗಿ. ಸಿನಿಮಾದಲ್ಲಿ ಅವಳು ದೀಪದ ಬೆಳಕಲ್ಲಿ, ಕಣ್ಣೀರು ಒರೆಸಿಕೊಳ್ಳುತ್ತಾ, ವಿಮಾನದ ರೆಕ್ಕೆಯ ಬಟ್ಟೆ ಹೊಲಿಯುತ್ತಾಳೆ. ಇದು ಬರೀ ಗಾಳಿಸುದ್ದಿ. ಅವಳು ಶಾಲೆಯಲ್ಲಿ ಮೇಡಂ ಆಗಿದ್ದಳು. ಬಟ್ಟೆಯನ್ನು ಅಣ್ಣಂದಿರೇ ಮಿಷಿನ್ನಿನಲ್ಲಿ ಹೊಲಿದುಕೊಂಡದ್ದು. ನಾನು ಹಾಗೆ ಹೇಳಿ ಬಲಗಡೆ ಬರೆಯುತ್ತಿದ್ದಾಗ ಊರಿನ ಟೈಲರು ಎದ್ದು ನಿಂತರು. ಕೊರಳಲ್ಲಿ ಟೇಪು ಹಾಗೇ ಇತ್ತು.

“ನಂಗೆ ಆಗ್ಲೇ ಅನುಮಾನ ಬಂತು ಟೀಚರಮ್ಮ. ಆ ಎಣ್ಮಗಳ ಸೂಜೀಲಿ ದಾರಾನೇ ಇಲ್ಲ.”

ನಾನು ಆ ಸಿನಿಮಾ ಎಷ್ಟೋ ಸಲ ನೋಡಿದ್ದೆ, ಅದನ್ನು ಗಮನಿಸಿರಲಿಲ್ಲ. ಹಿಂದಕ್ಕೆ ಓಡಿಸಿ ನಿಲ್ಲಿಸಿದೆವು. ನಿಜ. ಆ ನಟಿ ಅಷ್ಟು ಹೊತ್ತೂ ಬರೀ ಸೂಜಿ ಆಡಿಸುತ್ತಾ ಅತ್ತಿದ್ದಳು. ಇಡೀ ಸಭೆ ನಕ್ಕಿತು. ನನಗೆ ಟೈಲರ ಮೇಲೆ ಗೌರವ ಹುಟ್ಟಿತು.

ಅವರು ಕೂರಲಿಲ್ಲ. “ಶುರು ಮಾಡಿ ಎಷ್ಟು ದಿನಕ್ಕೆ ಮುಗಿಸಿದ್ರು ಅವ್ರು ವಿಮಾನಾನ?” ಅಂತ ಕೇಳಿದರು.

“ಸುಮಾರು ನಾಲ್ಕು ವರ್ಷ.”

ಟೈಲರು ನಿಧಾನವಾಗಿ ಹೆಂಗಸರು ಕೂತಿದ್ದ ಕಡೆ ತಿರುಗಿದರು. “ಕೇಳಿಸ್ಕೊಂಡ್ರಾ? ಅಣ್ತಮ್ಮ ಇಬ್ರೂ ಸೇರ್ಕೊಂಡು ನಾಕು ವರ್ಸ. ನಾನು ಒಬ್ನೇ, ದೀಪಾವಳಿ ಬ್ಲೌಸು ಯುಗಾದಿಗೆ ಕೊಟ್ರೆ ಬಾಯಿಗೆ ಬಂದಂಗೆ ಬಯ್ತೀರಿ.”

ಪಕ್ಕದ ಮನೆಯವರ ಕೋಪ

ಗಾಳಿಸುದ್ದಿಯ ಬಗ್ಗೆ ಊರಿಗೆಲ್ಲ ಹೇಳುವ ನಾನೇ ಒಂದು ಗಾಳಿಸುದ್ದಿಯಾದದ್ದೂ ಉಂಟು.

ಒಂದು ಹಳೇ ಸಿನಿಮಾದಲ್ಲಿ ವಿಮಾನವನ್ನು ಹಗ್ಗ ಕಟ್ಟಿ ಎಳೆದಿರುವುದು ಚೆನ್ನಾಗಿ ಕಾಣುತ್ತದೆ. ಮಕ್ಕಳಿಗೆ ಆ ಹಗ್ಗ ತೋರಿಸಿ, “ನೋಡಿ, ಈ ವಿಮಾನ ಹಾರಿದ್ದು ಸುಳ್ಳು,” ಅಂದೆ. ಅಷ್ಟೇ ಹೇಳಿದ್ದು. ಒಬ್ಬ ಹುಡುಗಿ ಅದನ್ನು ಅಮ್ಮನಿಗೆ ಹೇಳಿದಳು. ಅಮ್ಮ ಮಂಡ್ಯದ ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ಹೇಳಿದರು. ಅಲ್ಲಿಂದ ಮುಂದೆ ಅದು ಯಾವ ಯಾವ ಸ್ಟಾಪಿನಲ್ಲಿ ಇಳಿದು ಹತ್ತಿತೋ ಗೊತ್ತಿಲ್ಲ.

ಎರಡು ದಿನ ಬಿಟ್ಟು ನಮ್ಮ ಪಕ್ಕದ ಮನೆಯಾಕೆ ನನ್ನ ಜೊತೆ ಮಾತು ಬಿಟ್ಟರು. ಇಪ್ಪತ್ತು ವರ್ಷದ ಸ್ನೇಹ. ಕರಿಬೇವು ಕೇಳಿದರೆ “ಗಿಡ ಒಣಗಿದೆ” ಅಂದರು. ಗಿಡ ನನ್ನ ಕಾಂಪೌಂಡಿನ ಮೇಲೇ ಹಸಿರಾಗಿ ಬಾಗಿತ್ತು. ನನಗೆ ತಡೆಯಲಾಗಲಿಲ್ಲ. ಬೆಳಿಗ್ಗೆ ರಂಗೋಲಿ ಬಿಡುವಾಗ ನೇರವಾಗಿ ಕೇಳಿದೆ.

“ಇನ್ನೇನು ಮಾಡ್ಲಿ? ವಿಮಾನ ಅನ್ನೋದೇ ಸುಳ್ಳು ಅಂತ ಹೇಳ್ಕೊಂಡು ತಿರುಗ್ತಿದ್ದೀರಂತೆ. ಹಂಗಾದ್ರೆ ನಮ್ಮ ಹುಡ್ಗಿ ದುಬೈಗೆ ಹೋಗಿರೋದೂ ಸುಳ್ಳಾ?” ಅಂದರು. ಅವರ ಮಗಳು ಅಲ್ಲಿ ನರ್ಸು.

ನಾನು ಒಳಗೆ ಕರೆದು, ಕಾಫಿ ಕೊಟ್ಟು, ಸಿನಿಮಾ ಹಾಕಿ ಹಗ್ಗ ತೋರಿಸಿದೆ. ಆಕೆ ಕನ್ನಡಕ ಏರಿಸಿ ನೋಡಿದರು. ಮುಖ ತಿಳಿಯಾಯಿತು.

“ನೀವು ಹಂಗೆಲ್ಲ ಅನ್ನೋರಲ್ಲ ಅಂತ ನನಗೊತ್ತಿತ್ತು ಬುಡಿ,” ಅಂದರು. ಕಾಫಿ ಲೋಟ ಕೆಳಗಿಟ್ಟು ಸೇರಿಸಿದರು, “ಆದ್ರೂ ನೀವು ಸೈನ್ಸ್ ಟೀಚರ್ರಲ್ವಾ, ಅನುಮಾನ ಬಂತು. ಹುಡ್ಗಿಗೆ ಫೋನ್ ಮಾಡಿ, ‘ನಿಜ ಹೇಳು, ವಿಮಾನದಲ್ಲೇ ಹೋದ್ಯಾ?’ ಅಂತ ಕೇಳ್ಬುಟ್ಟೆ.”

ಮೂರನೇ ಅಂಕಣ

ಮಳವಳ್ಳಿಯಲ್ಲಿ ಒಂದು ಮಹಿಳಾ ಸಂಘದವರು ಕರೆದಿದ್ದರು. ಒಬ್ಬಳೇ ಸಾಗರ ದಾಟಿದ, ಆಮೇಲೆ ಭೂಮಿ ಸುತ್ತಲು ಹೊರಟು ಸಮುದ್ರದ ಮೇಲೆ ಕಾಣೆಯಾದ ಹೆಣ್ಣುಮಗಳ ಸಿನಿಮಾ. ಕೊನೆಯಲ್ಲಿ ಅವಳು ಯಾವುದೋ ದ್ವೀಪದಲ್ಲಿ ಹೆಸರು ಬದಲಾಯಿಸಿಕೊಂಡು ಬದುಕಿರುವಂತೆ ತೋರಿಸುತ್ತಾರೆ. ಹೆಂಗಸರೆಲ್ಲ ಕಣ್ಣು ಒರೆಸಿಕೊಂಡು, ಸದ್ಯ ಬದುಕಿದಳಲ್ಲ ಅಂತ ಉಸಿರು ಬಿಟ್ಟರು. ನಾನು ಆ ದ್ವೀಪವನ್ನು ಬಲಗಡೆ ಬರೆದೆ.

“ಹಂಗಾದ್ರೆ ಸತ್ತೋದ್ಲಾ?” ಅಂತ ಮುಂದೆ ಕೂತಿದ್ದ ಅಜ್ಜಿ ಕೇಳಿತು.

“ಇಳಿಯಬೇಕಾದ ದ್ವೀಪ ಕಾಣ್ತಿಲ್ಲ, ಪೆಟ್ರೋಲು ಮುಗೀತಾ ಬಂದಿದೆ ಅಂತ ರೇಡಿಯೋದಲ್ಲಿ ಹೇಳಿದ್ದು ನಿಜ. ಸಮುದ್ರಕ್ಕೆ ಬಿದ್ದಿರಬೇಕು ಅಂತಾರೆ. ಆದರೆ ಏನಾಯಿತು ಅಂತ ಖಚಿತವಾಗಿ ಯಾರಿಗೂ ಗೊತ್ತಿಲ್ಲ ಅಜ್ಜಿ.”

“ಗೊತ್ತಿಲ್ಲ ಅಂತ ಯೋಳಕ್ಕೆ ಮಂಡ್ಯದಿಂದ ಬಂದ್ರಾ? ನಮ್ಗೂ ಗೊತ್ತಿಲ್ವಲ್ಲ ಕಣವ್ವ.”

ನಾನು ಇನ್ನೊಂದು ಗೆರೆ ಎಳೆದು ‘ಗೊತ್ತಿಲ್ಲ’ ಅಂತ ಮೂರನೇ ಅಂಕಣ ಮಾಡಿದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಬರೆಯುವುದೂ ಒಂದು ಕೆಲಸವೇ ಅಂತ ವಿವರಿಸಿದೆ. ಅಜ್ಜಿ ಹಲಗೆಯ ಕಡೆ ಕೈ ಬೀಸಿತು.

“ಬುಡಿ, ಅದ್ರಲ್ಲಿ ಏನೂ ಬರೀಬ್ಯಾಡಿ. ಎಲ್ಲೋ ನೆಮ್ಮದಿಯಾಗವ್ಳೆ. ಫೋನ್ ಆಫ್ ಮಾಡ್ಕೊಂಡವ್ಳೆ, ಅಷ್ಟೇಯ. ನನ್ನ ಸೊಸೆ ತೌರಿಗೋದ್ರೂ ಇಂಗೇ ಮಾಡೋದು.”

ಸೊಸೆ ಪಕ್ಕದಲ್ಲೇ ಕೂತಿದ್ದಳು. ಮೆಲ್ಲಗೆ ಫೋನನ್ನು ಸೆರಗಿನೊಳಗೆ ಸೇರಿಸಿದಳು.

ದುದ್ದದ ಅಣ್ಣತಮ್ಮಂದಿರು

ದುದ್ದಕ್ಕೆ ಹೋದ ದಿನ ಅಲ್ಲಿನ ಹೆಡ್‌ಮಾಸ್ಟರು ನನ್ನನ್ನು ಬಸ್ಸಿನಿಂದ ಇಳಿಯುತ್ತಿದ್ದ ಹಾಗೇ ಪಕ್ಕಕ್ಕೆ ಕರೆದರು.

“ಮೇಡಂ, ನಮ್ಮೂರಲ್ಲಿ ಇಬ್ಬರು ಅಣ್ಣತಮ್ಮಂದಿರಿದ್ದಾರೆ. ಇಬ್ಬರಿಗೂ ಸೇರಿ ಒಂದೇ ಬೋರ್‌ವೆಲ್ಲು. ಹೊಸ ಪೈಪು ಕೆರೆ ಏರಿ ಮೇಲೆ ಹೋಗಬೇಕು ಅಂತ ಅಣ್ಣ, ತೆಂಗಿನ ಸಾಲಿನಲ್ಲಿ ಹೋಗಬೇಕು ಅಂತ ತಮ್ಮ. ಒಂಬತ್ತು ತಿಂಗಳಿಂದ ಮಾತಿಲ್ಲ. ಪೈಪು ಹಟ್ಟೀಲಿ ಬಿದ್ದಿದೆ, ಕಬ್ಬು ಒಣಗ್ತಿದೆ. ಸಿನಿಮಾದಲ್ಲಿ ಆ ಅಮೆರಿಕದವರು ಒಂದೇ ತಟ್ಟೆಯಲ್ಲಿ ಉಣ್ತಾರಲ್ಲ, ಯಾವತ್ತೂ ಜಗಳವೇ ಆಡಲ್ವಲ್ಲ, ಅದನ್ನು ಸ್ವಲ್ಪ ಒತ್ತಿ ಹೇಳಿ.”

ಸಿನಿಮಾ ಮುಗಿಯಿತು. ಅಣ್ಣ ಈ ಕಿಟಕಿಯ ಹತ್ತಿರ, ತಮ್ಮ ಆ ಕಿಟಕಿಯ ಹತ್ತಿರ ಕೂತಿದ್ದರು. ಸಣ್ಣ ಮಕ್ಕಳಂತೆ ಸುಮ್ಮನೆ ನೋಡಿದ್ದರು. ನಾನು ಸೀಮೆಸುಣ್ಣ ಹಿಡಿದು ನಿಂತೆ. ತೊಂದರೆ ಏನಂದರೆ, ಆ ಒಂದೇ ತಟ್ಟೆಯ ಪ್ರೀತಿ ಬಲಗಡೆಗೆ ಸೇರಿದ್ದು. ಇವತ್ತೊಂದು ದಿನ ಎಡಗಡೆ ಬರೆದರೆ ಯಾರು ಕೇಳುತ್ತಾರೆ ಅಂತ ಮನಸ್ಸು ಹೇಳಿತು. ಕೈ ಕೇಳಲಿಲ್ಲ.

“ಅವರು ಜಗಳ ಆಡುತ್ತಿದ್ದರು,” ಅಂದೆ. “ವಿಮಾನದ ಫ್ಯಾನು ಹೇಗಿರಬೇಕು ಅಂತ ಇಬ್ಬರೂ ಮನೆ ಹಾರಿಹೋಗುವ ಹಾಗೆ ಕೂಗಾಡುತ್ತಿದ್ದರು. ಎಷ್ಟು ಅಂದರೆ, ಕೊನೆಗೆ ಅಣ್ಣ ತಮ್ಮನ ವಾದ ಹಿಡಿಯುತ್ತಿದ್ದ, ತಮ್ಮ ಅಣ್ಣನ ವಾದ ಹಿಡಿಯುತ್ತಿದ್ದ.”

ಹೆಡ್‌ಮಾಸ್ಟರು ಹಣೆ ಮುಟ್ಟಿಕೊಂಡರು. ಅಣ್ಣತಮ್ಮಂದಿರು ಎದ್ದು ಬೇರೆ ಬೇರೆ ಬಾಗಿಲಿನಿಂದ ಹೋದರು. ನಾನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೇಜಾರು ಮಾಡಿಕೊಂಡು ಕೂತಿದ್ದೆ.

ಒಂದು ತಿಂಗಳಾದ ಮೇಲೆ ಇನ್ನೊಂದು ಸಿನಿಮಾ ಹಿಡಿದು ಮತ್ತೆ ದುದ್ದಕ್ಕೆ ಹೋದೆ. ಶಾಲೆಯ ದಾರಿಯಲ್ಲಿ ಹೊಲದ ಕಡೆಯಿಂದ ಜೋರು ಕೂಗಾಟ ಕೇಳಿಸಿತು. ಅವರೇ. ಎದುರುಬದುರು ನಿಂತಿದ್ದರು. ಮೊದಲು ಮಾತು ಮಾತ್ರ ಇರಲಿಲ್ಲ, ಈಗ ನನ್ನಿಂದಾಗಿ ಕೈ ಕೈ ಮಿಲಾಯಿಸುತ್ತಾರೆ ಅಂತ ಹೆದರಿ ಬೇಗ ಬೇಗ ಬದು ದಾಟಿ ಹೋದೆ.

“ಬನ್ನಿ ಮೇಡಮ್ಮೋರೆ, ನೀವೇ ಯೋಳಿ,” ಅಂದ ಅಣ್ಣ. “ತೆಂಗಿನ ಸಾಲಲ್ಲಿ ಓದ್ರೆ ಪೈಪು ನೆಳ್ಳಲ್ಲಿರ್ತದೆ, ತಾಳ್ಕೆ ಬತ್ತದೆ. ಇವ್ನಿಗೆ ತಿಳಿಯಾಕಿಲ್ಲ.”

“ಏರಿ ಮೇಲೆ ಓದ್ರೆ ನಾಳೆ ರಿಪೇರಿಗೆ ಸಲೀಸು ಕಣಣ್ಣ. ನೀನೇ ಅಲ್ವಾ ಯೋಳಿದ್ದು,” ಅಂದ ತಮ್ಮ.

ನಾನು ಇಬ್ಬರನ್ನೂ ನೋಡಿದೆ. ಹೆಡ್‌ಮಾಸ್ಟರು ಹೇಳಿದ್ದು ಉಲ್ಟಾ ಇತ್ತಲ್ಲ. “ತೆಂಗಿನ ಸಾಲು ಬೇಕು ಅಂದಿದ್ದು ತಮ್ಮ ಅಲ್ಲವಾ?” ಅಂತ ಕೇಳಿದೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬುತ್ತಿ ತಂದಿದ್ದ ಅಣ್ಣನ ಹೆಂಡತಿ ಬದುವಿನ ಮೇಲೆ ಎರಡು ತಟ್ಟೆ ಇಟ್ಟು ಮುದ್ದೆ ಹಾಕಿದಳು. “ದಿನಾ ಇದೇಯ ಮೇಡಮ್ಮೋರೆ. ಒಟ್ಗೆ ಉಣ್ತಾರೆ, ಒಟ್ಗೆ ಕಿತ್ತಾಡ್ತಾರೆ. ಮೊದ್ಲಿಗಿಂತ ವಾಸಿ,” ಅಂದಳು. ಅವಳ ಮುಖದಲ್ಲಿ ನಗು ಇತ್ತು. ನನಗೂ ಸಮಾಧಾನವಾಯಿತು.

ಅಣ್ಣ ಕೈ ತೊಳೆದುಕೊಂಡು ಮುದ್ದೆಯ ಮುಂದೆ ಕೂತ. ಒಂದು ತುತ್ತು ಮುರಿದು, ಬಹಳ ಗಂಭೀರವಾಗಿ ಕೇಳಿದ.

“ಅದ್ಸರಿ ಮೇಡಮ್ಮೋರೆ, ಆ ಅಮೆರಿಕದೋರು ಕೊನೆಗೆ ಪೈಪು ಯಾವ ಕಡೆ ಆಕ್ಸಿದ್ರು?”