ಹಡಗು ಹೋಗುತ್ತದೆ, ನಾವು ಕೂರುವುದು

ಕೆಲವರಿಗೆ ಮಕ್ಕಳು ತೆಗೆದ ಅಂಕಗಳ ಬಗ್ಗೆ ಹೆಮ್ಮೆ, ಕೆಲವರಿಗೆ ಊರಲ್ಲಿ ಕಟ್ಟಿಸಿದ ಮನೆಯ ಬಗ್ಗೆ. ನನಗೆ ಹೆಮ್ಮೆಯಿರುವುದು ನನ್ನ ಆಯಾಸದ ಬಗ್ಗೆ. ಅದೇನೂ ಸುಮ್ಮನೆ ಬಂದದ್ದಲ್ಲ, ಕುವೈತಿನಲ್ಲಿ ಇಷ್ಟು ವರ್ಷ ದುಡಿದು ಸಂಪಾದಿಸಿದ್ದು. ಸಬ್ಹಾನಿನ ಗೋದಾಮೊಂದರಲ್ಲಿ ಏಸಿ, ಫ್ರಿಜ್ಜುಗಳನ್ನು ಲಾರಿಗೆ ಹತ್ತಿಸುವ, ಲಾರಿಯಿಂದ ಇಳಿಸುವ ಕೆಲಸದ ಉಸ್ತುವಾರಿ ನನ್ನದು. ಎತ್ತುವವರು ಬೇರೆಯವರು, ನಾನು ಕೂಗುವವನು ಮಾತ್ರ. ಆದರೂ ಎತ್ತುವವರು ಸಂಜೆ ನಗುತ್ತಾ ಬಸ್ಸು ಹತ್ತುತ್ತಾರೆ. ನಾನು ಬ್ನೇದ್ ಅಲ್ ಗಾರ್‌ನ ಫ್ಲ್ಯಾಟಿಗೆ ಬಂದು, ಬೂಟನ್ನೂ ಬಿಚ್ಚದೆ ಸೋಫಾಕ್ಕೆ ಒರಗಿ, "ಅಬ್ಬಾ, ಇವತ್ತು ಸಾಕಾಯ್ತು ಮಾರಾಯ್ತಿ" ಎನ್ನುತ್ತೇನೆ. ಹೆಂಡತಿ ವಾರಿಜ ಚಹಾ ತರುತ್ತಾಳೆ. ಅವಳೂ ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ನಿಂತು ಬಂದವಳೇ. ಆದರೆ ಲ್ಯಾಬಿನೊಳಗೆ ತಂಪಾಗಿರುತ್ತದಲ್ಲ, ಅಲ್ಲಿ ಎಂಥ ಆಯಾಸ ಎಂಬುದು ನನ್ನ ದೃಢವಾದ ಅಭಿಪ್ರಾಯವಾಗಿತ್ತು.

ಆಯಾಸ ಪರಿಹಾರಕ್ಕೆಂದು ರಜೆ ಹಾಕಿ ಊರಿಗೆ ಹೋಗುವುದು ನಮ್ಮ ಪದ್ಧತಿ. ಅಲ್ಲಿ ನಮ್ಮ ದಾರಿಯನ್ನೇ ಕಾಯುತ್ತಿರುವ ಮದುವೆ, ಸೀಮಂತ, ಗೃಹಪ್ರವೇಶಗಳು. ಮನೆ ಮನೆಗೆ ಹೋಗಿ, "ಎಂತ, ಕುವೈತಿನವರಿಗೆ ನಮ್ಮ ನೆನಪುಂಟಾ?" ಎಂದು ಕೇಳಿಸಿಕೊಂಡು, ಪ್ರಾಯಶ್ಚಿತ್ತವಾಗಿ ಇನ್ನೊಂದು ಲೋಟ ಶರಬತ್ತು ಕುಡಿಯಬೇಕು. ಕೊನೆಗೆ ವಿಶ್ರಾಂತಿಗೆಂದು ಕುವೈತಿಗೇ ಓಡಿ ಬರುತ್ತೇವೆ. ಈ ವರ್ಷ ವಾರಿಜ ಖಡಾಖಂಡಿತವಾಗಿ ಹೇಳಿದಳು: "ನೆಂಟರು ಯಾರೂ ಇಲ್ಲದ ದೇಶಕ್ಕೆ ಹೋಗುವ. ನಾವಿಬ್ಬರೇ."

ಅದೇ ಹೊತ್ತಿಗೆ ಸಿಕ್ಕಿದವನು ಲಾರೆನ್ಸ್. ಮಂಗಳೂರಿನ ಕೊಂಕಣಿ ಮಾತಿನವನು, ವಾರಿಜಳ ಆಸ್ಪತ್ರೆಯ ಕಚೇರಿಯಲ್ಲಿ ಕೆಲಸ. ಹಿಂದಿನ ವರ್ಷ ಫ್ರಾನ್ಸಿನ ನದಿಯೊಂದರಲ್ಲಿ ಹಡಗಿನ ಪ್ರವಾಸ ಮಾಡಿ ಬಂದು, ಅಂದಿನಿಂದ ಚಹಾವನ್ನೂ ವೈನ್ ಕುಡಿದಂತೆ ಮೂಸಿ ಕುಡಿಯುತ್ತಿದ್ದ. "ನೋಡು ಮಾರಾಯಾ, ಹೋಟೆಲು ಬದಲಾಯಿಸಲಿಕ್ಕಿಲ್ಲ, ಸೂಟ್‌ಕೇಸು ಎಳೆಯಲಿಕ್ಕಿಲ್ಲ. ಹಡಗು ಹೋಗುತ್ತದೆ, ನೀನು ಕೂರುವುದು. ಖಲಾಸ್!" ಎಂದ. ನನಗೆ ಅಷ್ಟು ಸಾಕಿತ್ತು. ಮಣಿಪಾಲದ ಹಾಸ್ಟೆಲಿನಲ್ಲಿರುವ ಮಗಳು ಫೋನಿನಲ್ಲಿ, "ಪಪ್ಪಾ, ಪ್ಲೀಸ್ ಜಸ್ಟ್ ಗೋ" ಎಂದಳು. ಹೋದೆವು.

ಲಾರೆನ್ಸ್ ಹೇಳದೆ ಬಿಟ್ಟ ಒಂದು ಮಾತಿತ್ತು. ಹಡಗು ಹೋಗುತ್ತದೆ, ನಿಜ. ಆದರೆ ಬೆಳಗಾದರೆ ಯಾವುದೋ ಐತಿಹಾಸಿಕ ಊರಿನಲ್ಲಿ ನಿಂತುಬಿಡುತ್ತದೆ. ತಿಂಡಿ ತಿಂದವರನ್ನೆಲ್ಲ ಇಳಿಸಿ ನಡೆಸುತ್ತಾರೆ. ಐತಿಹಾಸಿಕ ಊರು ಎಂದರೆ ಗುಡ್ಡದ ಮೇಲಿನ ಊರು, ದಾರಿ ತುಂಬ ಉರುಟು ಕಲ್ಲು. ಶತ್ರುಗಳು ಹತ್ತಿ ಬಾರದಿರಲಿ ಎಂದು ಹಿಂದಿನವರು ಅಷ್ಟೆತ್ತರದಲ್ಲಿ ಕಟ್ಟಿದರಂತೆ. ಶತ್ರುಗಳಿಗಿದ್ದ ವಿವೇಕ ಪ್ರವಾಸಿಗರಿಗೆ ಇಲ್ಲ. ಲಿಯೋನಿನಲ್ಲಿ ಗುಡ್ಡದ ತುದಿಯ ಇಗರ್ಜಿ, ವಿಯೆನ್ನಿನಲ್ಲಿ ರೋಮನರ ದೇವಸ್ಥಾನ, ಆಮೇಲೆ ಇನ್ನೊಂದು ಗುಡ್ಡ, ಇನ್ನೊಂದು ಇಗರ್ಜಿ. ವಾರಿಜ ಮಾತ್ರ ಗೈಡಿನ ಬೆನ್ನಿಗೇ ಅಂಟಿಕೊಂಡು, ಈ ಕಂಬ ಯಾವ ಕಾಲದ್ದು, ಈ ರಾಣಿ ಯಾರ ಮಗಳು ಎಂದು ಕೇಳುತ್ತಾ ಮುಂದೆ ಮುಂದೆ. ನಾನು ಬಾಲದಲ್ಲಿ. ನನಗೆ ಜೊತೆಯಾಗಿ ಊರುಗೋಲು ಹಿಡಿದ ಆಸ್ಟ್ರೇಲಿಯಾದ ಮುದುಕರೊಬ್ಬರಿದ್ದರು. ಕೊನೆಗೆ ಅವರೂ, "ಎಕ್ಸ್‌ಕ್ಯೂಸ್ ಮಿ" ಎಂದು ನನ್ನನ್ನು ದಾಟಿ ಹೋದರು.

ಅವಿನ್ಯೋನ್ ಎಂಬ ಊರಿಗೆ ಬಂದಾಗ ನನ್ನ ಕಾಲುಗಳು ನನ್ನವಾಗಿರಲಿಲ್ಲ. ಹಿಂದೆ ಪೋಪರು ವಾಸವಿದ್ದ ದೊಡ್ಡ ಅರಮನೆ ಅಲ್ಲಿದೆ. ಕೋಣೆಯಾದ ಮೇಲೆ ಕೋಣೆ, ಒಂದರಲ್ಲಿಯೂ ಕುರ್ಚಿಯಿಲ್ಲ. ಅದನ್ನು ಮುಗಿಸಿ ಪಕ್ಕದ ಇಗರ್ಜಿಗೆ ಹೋದಾಗ ಸಾಲಾಗಿ ಬೆಂಚುಗಳು ಕಂಡವು. ಭಕ್ತಿ ಉಕ್ಕಿ ಬಂತು. ಒಂದು ಗಳಿಗೆ ಕೂತು ಕಣ್ಣು ಮುಚ್ಚಿದೆ.

ಕಣ್ಣು ಬಿಟ್ಟಾಗ ನಮ್ಮವರು ಒಬ್ಬರೂ ಇಲ್ಲ. ಹಡಗು ಮಧ್ಯಾಹ್ನ ಆರ್ಲ್ ಎಂಬ ಊರಿಗೆ ಹೊರಡುವುದಿತ್ತು. ಫೋನು ಹಡಗಿನ ಕೋಣೆಯಲ್ಲಿ ಚಾರ್ಜಿಗೆ. ಹೊರಗೆ ಬಂದು ಒಂದು ಓಣಿ ಹಿಡಿದೆ, ಅದು ಇನ್ನೊಂದು ಓಣಿಗೆ ಒಪ್ಪಿಸಿತು. ನನಗೆ ಫ್ರೆಂಚ್ ಬಾರದು, ಎದುರು ಬಂದವರಿಗೆ ನನ್ನ ಇಂಗ್ಲಿಷು ಬೇಡ. ಬೆವರು ಒರೆಸುತ್ತಾ ನಿಂತಿದ್ದಾಗ ಒಂದು ಹಣ್ಣಿನ ಅಂಗಡಿಯೊಳಗಿಂದ ಅರಬಿ ಮಾತು ಕೇಳಿಸಿತು. ಊರವರ ದನಿಯನ್ನೇ ಕೇಳಿದಷ್ಟು ಸಂತೋಷದಿಂದ ಒಳಗೆ ನುಗ್ಗಿದೆ.

ನುಗ್ಗಿದ ಮೇಲೆ ಗೊತ್ತಾಯಿತು, ನನ್ನ ಅರಬಿ ಗೋದಾಮಿನ ಅರಬಿ. ಅದರಲ್ಲಿ ಎತ್ತು, ಇಳಿಸು, ಬೇಗ, ಮುಗಿಯಿತು ಎಂಬ ಮಾತುಗಳಷ್ಟೇ ಇವೆ. 'ದಾರಿ ತಪ್ಪಿದ್ದೇನೆ, ದಯವಿಟ್ಟು ಸಹಾಯ ಮಾಡಿ' ಎನ್ನುವ ಸಂದರ್ಭ ಸಬ್ಹಾನಿನಲ್ಲಿ ಬಂದೇ ಇರಲಿಲ್ಲ. ಆದ್ದರಿಂದ ಗಲ್ಲೆಯಲ್ಲಿ ಕೂತ ಹಿರಿಯರ ಎದುರು ನಿಂತು, "ವೇನ್ ಸಫೀನಾ? ಯಲ್ಲಾ! ಯಲ್ಲಾ!" ಎಂದು ಕೂಗಿದೆ. ಎಲ್ಲಿ ಹಡಗು, ಬೇಗ ಬೇಗ ಎಂದರ್ಥ. ಹಡಗನ್ನು ಅವರೇ ಕದ್ದಂತಿತ್ತು ನನ್ನ ದನಿ.

ಹಿರಿಯರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಎಲ್ಲಿಂದ ಬಂದೆ ಎಂದು ಕೇಳಿದರು. ಕುವೈತ್ ಎಂದೆ. ನನ್ನ ಮುಖಕ್ಕೂ ಆ ದೇಶಕ್ಕೂ ತಾಳೆಯಾಗದೆ ಮತ್ತೊಮ್ಮೆ ನೋಡಿದರು. ಇಂಡಿಯಾ ಎಂದೆ. ಅವರು ಗಟ್ಟಿಯಾಗಿ ನಕ್ಕರು. ತಾವು ಅಲ್ಜೀರಿಯಾದವರು ಎಂದರು. ಮತ್ತೆ ಒಂದೂ ಪ್ರಶ್ನೆ ಕೇಳದೆ ಅಂಗಡಿಯನ್ನು ಮಗಳ ಕೈಗೆ ಕೊಟ್ಟು, ನನ್ನನ್ನು ವ್ಯಾನಿನ ಹಿಂದೆ ಪೀಚ್ ಹಣ್ಣಿನ ಪೆಟ್ಟಿಗೆಗಳ ನಡುವೆ ಕೂರಿಸಿ ನದಿಯತ್ತ ಹೊರಟರು. ಜೀವನವಿಡೀ ಬೇರೆಯವರಿಂದ ಲೋಡು ಮಾಡಿಸಿದವನು ಅಂದು ನಾನೇ ಲೋಡಾದೆ. ನದಿಯ ದಂಡೆಯಲ್ಲಿ ನನ್ನನ್ನು ಇಳಿಸಿ, ಕೈಗೆ ಒಂದು ಚೀಲ ಪೀಚ್ ಕೊಟ್ಟು, ಎದೆಗೆ ಕೈಯಿಟ್ಟು ಹೊರಟುಹೋದರು.

ಹಡಗು ಆಗಲೇ ದೂರದ ತಿರುವಿನಲ್ಲಿತ್ತು. ಖಾಲಿ ಕಟ್ಟೆಯ ಮೇಲೆ ವಾರಿಜ ಒಬ್ಬಳೇ ನಿಂತಿದ್ದಳು. ಕೈಯಲ್ಲಿ ತನ್ನ ಬ್ಯಾಗು, ನನ್ನ ಬಿಪಿ ಮಾತ್ರೆ. ನಾನು ಎಂದಿನಂತೆ ಅರ್ಧ ದಾರಿಯಿಂದ ಹಡಗಿಗೆ ಹಿಂದಿರುಗಿರಬೇಕೆಂದುಕೊಂಡು ಅವಳು ಬಂದು ನೋಡಿದರೆ ಕೋಣೆಯಲ್ಲಿ ಇರಲಿಲ್ಲವಂತೆ. ಹಡಗಿನವರು ಸ್ವಲ್ಪ ಹೊತ್ತು ಕಾದು, ಇನ್ನು ಆಗದು, ಸಂಜೆ ಆರ್ಲಿಗೆ ಬನ್ನಿ ಎಂದಾಗ ಇವಳು ಇಳಿದುಬಿಟ್ಟಿದ್ದಳು. ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಅವಳು ಬೈಯಲಿಲ್ಲ. ಕಟ್ಟೆಯ ಮೇಲೆ ಕುಸಿದು ಕೂತು ಚಪ್ಪಲಿ ಕಳಚಿದಳು. ಪಾದ ಊದಿಕೊಂಡಿತ್ತು. ಹಿಮ್ಮಡಿಯಲ್ಲಿ ಬೊಕ್ಕೆ.

"ಇದೆಂತ ಮಾರಾಯ್ತಿ?"

"ಎರಡನೇ ಊರಿನಲ್ಲೇ ಆದದ್ದು."

"ಮತ್ತೆ ಎಲ್ಲರಿಗಿಂತ ಮುಂದೆ ನಡೀತಿದ್ದಿ?"

"ಹಿಂದೆ ಉಳಿದರೆ ನಿಮ್ಮ ಜೊತೆ ನಾನೂ ಕೂತುಬಿಡುತ್ತೇನೆ ಅಂತ. ಇಬ್ಬರೂ ಕೂತರೆ ನಡೆಯುವುದು ಯಾರು?"

ಎದುರಿನಲ್ಲಿ ಅವಿನ್ಯೋನಿನ ಪ್ರಸಿದ್ಧ ಸೇತುವೆ. ನದಿಯ ನಡುವಿನವರೆಗೆ ಬಂದು ಅಲ್ಲಿಗೇ ನಿಂತುಬಿಟ್ಟದ್ದು. "ಅದಕ್ಕೂ ಸುಸ್ತಾಗಿರಬೇಕು" ಎಂದೆ, ನಗಿಸೋಣವೆಂದು. ಅವಳು ನಕ್ಕಳು. ನಗುತ್ತಲೇ ಹೇಳಿದಳು: "ನಿಮಗೆ ಗೊತ್ತುಂಟಾ, ನಾನೂ ಸಂಜೆ ಬಂದು ಒಂದು ದಿನ ಅಬ್ಬಾ ಅನ್ನಬೇಕು ಅಂತ ಬರುತ್ತೇನೆ. ಬಾಗಿಲು ತೆಗೆದರೆ ಸೋಫಾದ ತುಂಬ ನಿಮ್ಮ ಆಯಾಸ. ನನ್ನದನ್ನು ಇಡಲಿಕ್ಕೆ ಆ ಮನೆಯಲ್ಲಿ ಜಾಗವೇ ಇಲ್ಲ."

ನನ್ನ ಕನ್ನಡದಲ್ಲಿಯೂ ಕೆಲವು ಮಾತುಗಳ ಅಭ್ಯಾಸ ತಪ್ಪಿಹೋಗಿತ್ತು. ನದಿಗೆ ಇಳಿಯುವ ಮೆಟ್ಟಿಲಲ್ಲಿ ಕೂತು ಕರವಸ್ತ್ರ ಒದ್ದೆ ಮಾಡಿ ಅವಳ ಹಿಮ್ಮಡಿಗೆ ಕಟ್ಟಿದೆ. ಪೀಚ್ ತಿಂದೆವು. ಗೈಡಿಲ್ಲ, ಇತಿಹಾಸವಿಲ್ಲ. ಅವಳು ಲ್ಯಾಬಿನ ಕಥೆ ಹೇಳಿದಳು. ಸೂಜಿ ನೋಡಿ ಅಳುವ ದೊಡ್ಡ ಗಂಡಸರು, ಕೈ ಹಿಡಿದು ಬಿಡದ ಅಜ್ಜಿಯರು, ಸಂಜೆಯ ಹೊತ್ತಿಗೆ ಕಲ್ಲಾಗುವ ಬೆನ್ನು. ಇಷ್ಟು ವರ್ಷದಲ್ಲಿ ನಾನು ಕೇಳಿಯೇ ಇರದ ಸಂಗತಿಗಳು. ಆಮೇಲೆ ನಿಧಾನಕ್ಕೆ ಸ್ಟೇಷನ್ನಿಗೆ ನಡೆದು ರೈಲು ಹಿಡಿದು ಆರ್ಲ್ ಸೇರಿದೆವು. ಮರುದಿನ ಅಲ್ಲಿಯ ರೋಮನ್ ರಂಗಮಂಟಪಕ್ಕೆ ಹೋಗದೆ, ಇಬ್ಬರೂ ಹಡಗಿನ ಕಿಟಕಿಯ ಬಳಿ ಕೂತು ಅದನ್ನು ಊಹಿಸಿಕೊಂಡು, ನೋಡಿದಷ್ಟೇ ಆಯಿತೆಂದುಕೊಂಡೆವು.

ಕುವೈತಿಗೆ ಬಂದ ಮೇಲೆ ಒಂದು ಬದಲಾವಣೆಯಾಗಿದೆ. ಶುಕ್ರವಾರ ಅಡುಗೆಮನೆ ನನ್ನದು. ವಾರಿಜ ಮನಸ್ಸಿಗೆ ಬಂದಷ್ಟು ಹೊತ್ತು ಮಲಗುತ್ತಾಳೆ. ಮೊದಲ ಶುಕ್ರವಾರ ನೀರುದೋಸೆ ಮಾಡಿದೆ. ಕಾವಲಿಯಿಂದ ಎದ್ದದ್ದು ಕೆಲವೇ, ಉಳಿದದ್ದನ್ನು ಕೆರೆದು ತೆಗೆದೆ. ಚಟ್ನಿ ರುಬ್ಬಿ, ಮೀನು ತೊಳೆದು ಸಾರು ಕುದಿಸುವಷ್ಟರಲ್ಲಿ ಬೆನ್ನು ಹಿಡಿದುಕೊಂಡಿತು. ಅವಳು ಎದ್ದು ಬಂದು, ಮೇಜಿನ ಮುಂದೆ ಕೂತು, ನಿಧಾನವಾಗಿ ರುಚಿ ನೋಡಿ, "ಉಪ್ಪು ಚೂರು ಕಮ್ಮಿ" ಎಂದಳು. ನಾನು ಪಕ್ಕದ ಕುರ್ಚಿಗೆ ಬಿದ್ದು, "ಅಬ್ಬಾ, ಸಾಕಾಯ್ತು ಮಾರಾಯ್ತಿ" ಎಂದೆ. ಈ ಸಲವಾದರೂ ಅದು ಅಪ್ಪಟ ಆಯಾಸ, ಅವಳಿಗೆ ಅರ್ಥವಾದೀತೆಂದು ಆಸೆ.

"ಹೌದಾ? ಪಾಪ," ಎಂದಳು, ಮನಃಪೂರ್ವಕವಾಗಿಯೇ. "ಸ್ವಲ್ಪ ಕೂತುಕೊಳ್ಳಿ. ಲಾರೆನ್ಸಿನವರನ್ನು ಮಧ್ಯಾಹ್ನ ಊಟಕ್ಕೆ ಕರೆದಿದ್ದೇನೆ."