ನಮ್ಮ ಹಿತ್ತಲಿನ ಕುಸುಬೆ ಬೇಲಿ

ಅಡುಗೆಯ ವಿಷಯದಲ್ಲಿ ನನಗೆ ಯಾವ ಭ್ರಮೆಯೂ ಇಲ್ಲ. ಮುದ್ದೆಯನ್ನು ಗಂಟಿಲ್ಲದಂತೆ ತಿರುವುತ್ತೇನೆ. ಅಲ್ಲಿಗೆ ನನ್ನ ಪ್ರತಿಭೆ ಮುಗಿಯಿತು. ಆ ಮುದ್ದೆಯನ್ನು ಗಂಟಲಲ್ಲಿ ಇಳಿಸುವ ಸೊಪ್ಪಿನ ಸಾರು ಮಾತ್ರ ಈ ಜನ್ಮದಲ್ಲಿ ನನ್ನ ಕೈಗೆ ಹತ್ತಲಿಲ್ಲ. ಎಪ್ಪತ್ತರ ದಶಕದಲ್ಲಿ ನಾವು ಕೋಲಾರದ ಕಡೆಯ ಟೇಕಲ್‌ನಲ್ಲಿ ಬಾಡಿಗೆಗಿದ್ದಾಗ ನಮ್ಮ ಸಂಸಾರ ಸುಖವಾಗಿ ಸಾಗಿದ್ದು ಹಿಂದಿನ ಮನೆಯ ನಾರಾಯಣಮ್ಮನ ಸಾರಿನಿಂದ. ನನಗಿಂತ ದೊಡ್ಡವಳು, ನಾನು ಅಕ್ಕ ಅನ್ನುತ್ತಿದ್ದೆ. ಅವಳ ಹಿತ್ತಲಿಗೆ ನಮ್ಮ ಹಿತ್ತಲು ತಾಗಿತ್ತು. ನಮ್ಮಲ್ಲಿ ತಾನಾಗಿ ಹುಟ್ಟುತ್ತಿದ್ದ ಅಣ್ಣೆ, ಗೋಣಿ, ಕಾಶಿ ಸೊಪ್ಪನ್ನೆಲ್ಲ ಮಡಿಲಿಗೆ ಕಿತ್ತುಕೊಳ್ಳುತ್ತಾ, "ಏಮೇ ಸುಶೀಲಾ, ಇನ್ನೂ ಒಲೆ ಹಚ್ಚಿಲ್ವೇನೇ ಸೋಮಾರಿ?" ಎಂದು ಕೂಗುತ್ತಿದ್ದಳು. ಬೆರಕೆ ಸೊಪ್ಪು ಕೀಳುವವರಿಗೆ ಯಾರ ಹೊಲ, ಯಾರ ಹಿತ್ತಲು ಎಂಬ ಭೇದ ನಮ್ಮ ಕಡೆ ಇಲ್ಲ. ಮಧ್ಯಾಹ್ನದೊಳಗೆ ಒಂದು ಬೋಸಿ ಸಾರು ಹಿಂಬಾಗಿಲಿಂದ ನಮ್ಮ ಅಡುಗೆಮನೆ ಸೇರಿರುತ್ತಿತ್ತು.

ತೊಂದರೆ ಇದ್ದದ್ದು ಅವಳ ಹಸುವಿನಿಂದ. ಅದೂ ಒಡತಿಯ ಹಿಂದೆಯೇ ಬಂದು, ಅವಳ ಹಾಗೆ ಆರಿಸುವ ತಾಳ್ಮೆಯಿಲ್ಲದೆ, ನನ್ನ ಹುರುಳಿಕಾಯಿ ಗಿಡಗಳನ್ನು ಬುಡಸಮೇತ ಮುಗಿಸುತ್ತಿತ್ತು. ಯಜಮಾನರ ಹತ್ತಿರ ಗೊಣಗಿದೆ. ಅವರು ಗುಮಾಸ್ತರು, ಬಿಜಾಪುರದ ಕಡೆ ಕೆಲವು ವರ್ಷ ಕೆಲಸ ಮಾಡಿ ಬಂದವರು. ಬಂದ ಮೇಲೆ ನಮ್ಮೂರಿನ ಯಾವ ಸಮಸ್ಯೆಗೂ ಅವರ ಬಳಿ ಬಿಜಾಪುರದ್ದೊಂದು ಪರಿಹಾರ ಸಿದ್ಧವಾಗಿರುತ್ತಿತ್ತು. "ಆ ಕಡೆ ಜೋಳದ ಹೊಲದ ಸುತ್ತ ಕುಸುಬೆ ಹಾಕ್ತಾರೆ ಕಣೇ. ಮುಳ್ಳು ಅಂದ್ರೆ ಮುಳ್ಳು! ದನ ಮೂತಿ ಇಡಲ್ಲ. ನೀರೂ ಕೇಳಲ್ಲ" ಎಂದರು. ಅಲ್ಲಿಯ ಗೆಳೆಯನಿಂದ ಬೀಜ ತರಿಸಿ, ದಸರಾ ಕಳೆಯುತ್ತಲೇ ಎರಡು ಹಿತ್ತಲುಗಳ ನಡುವೆ ಒತ್ತಾಗಿ ಬಿತ್ತಿಯೇಬಿಟ್ಟರು. ನಾರಾಯಣಮ್ಮ ಓಡಾಡುವುದಕ್ಕೆ ಒಂದು ಸಂದು ಬಿಡಬೇಕೆಂದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಎಳೆಯದಾಗಿದ್ದಾಗ ಕುಸುಬೆಯಷ್ಟು ಸಾಧು ಗಿಡ ಇನ್ನೊಂದಿಲ್ಲ. ನಾರಾಯಣಮ್ಮ ಒಂದು ಎಲೆ ಚಿವುಟಿ ಬಾಯಿಗೆ ಹಾಕಿಕೊಂಡು, "ಚೆನ್ನಾಗೈತಲ್ಲೇ! ಬೆರಕೆಗೆ ಹಾಕ್ತೀನಿ" ಎಂದಳು. ನಮ್ಮ ಬೇಲಿಯನ್ನೇ ಬೇಯಿಸಿ ನಮಗೆ ತಂದುಕೊಟ್ಟಳು. ನಾವಿಬ್ಬರೂ ಬೆರಳು ನೆಕ್ಕಿದೆವು. ಸಂಕ್ರಾಂತಿಯ ಹೊತ್ತಿಗೆ ಗಿಡ ಸೊಂಟದೆತ್ತರ ಬೆಳೆದು, ಎಲೆಯ ಅಂಚಿಗೆಲ್ಲ ಸೂಜಿ ಮೂಡಿದವು. ಹಳದಿ ಹೂ ಅರಳಿ ಕೆಂಪಿಗೆ ತಿರುಗಿತು. ಎಷ್ಟು ಚೆನ್ನಾಗಿತ್ತು ಅಂತೀರಿ! ಯಜಮಾನರು ಮನೆಗೆ ಬಂದವರನ್ನೆಲ್ಲ ಹಿತ್ತಲಿಗೆ ಕರೆದೊಯ್ದು ಬಿಜಾಪುರದ ಕಥೆ ಹೇಳುತ್ತಿದ್ದರು. ಒಂದು ಬೆಳಿಗ್ಗೆ ನಾರಾಯಣಮ್ಮನ ಸೆರಗು ಆ ಮುಳ್ಳಿಗೆ ಸಿಕ್ಕಿ ಪರ್ರನೆ ಹರಿಯಿತು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ನಾನೂ ಎರಡು ಮಾತಾಡಿ ಸಂಜೆಗೆಲ್ಲ ಸರಿಹೋಗುತ್ತಿತ್ತು. ಅವಳು ಸುಮ್ಮನೆ ಸೆರಗು ಬಿಡಿಸಿಕೊಂಡು ವಾಪಸು ಹೋದಳು.

ಆಮೇಲೆ ಅವಳು ಬೀದಿ ಸುತ್ತಿಕೊಂಡು ನಮ್ಮ ಮುಂಬಾಗಿಲಿಗೆ ಬರತೊಡಗಿದಳು. ಬೀದಿಯಲ್ಲಿ ಬರಬೇಕಾದರೆ ತಲೆ ಬಾಚಬೇಕು, ಒಳ್ಳೆಯ ಸೀರೆ ಉಡಬೇಕು, ಬರುವುದಕ್ಕೆ ಕಾರಣವೊಂದು ಬೇಕು. ಸಾರಿನ ಬೋಸಿ ಹಿಡಿದು ಬಂದರೆ ಕಂಡವರು ಏನೆಂದಾರು? ಹೀಗಾಗಿ ಸಾರು ನಿಂತಿತು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, "ಸುಶೀಲಮ್ನೋರೇ, ಮನೇಲಿದ್ದೀರಾ?" ಎನ್ನುತ್ತಿದ್ದಳು, ಕುರ್ಚಿಯ ಅಂಚಿನಲ್ಲಿ ಕೂತು ಮಳೆ ಬೆಳೆ ವಿಚಾರಿಸುತ್ತಿದ್ದಳು. ನನ್ನನ್ನು ಸೋಮಾರಿ ಎಂದು ಕರೆಯುವವರೇ ಇಲ್ಲವಾದರಲ್ಲ ಎಂದು ನನಗೆ ಅಳು ಬರುತ್ತಿತ್ತು. ಹಸು ಮಾತ್ರ ಸಲಿಗೆ ಬಿಡಲಿಲ್ಲ. ಅದೂ ಬೀದಿ ಸುತ್ತಿ, ಯಜಮಾನರು ತೆರೆದಿಟ್ಟುಹೋದ ಗೇಟಿನಿಂದಲೇ ಬಂದು, ಹುರುಳಿಕಾಯಿ ಗಿಡ ಮೇಯ್ದುಕೊಂಡು ಹೋಗುತ್ತಿತ್ತು.

ಶಿವರಾತ್ರಿ ಕಳೆದ ಮೇಲೆ ಕುಸುಬೆ ಒಣಗಿತು. ಯಜಮಾನರು ಕೈಗೆ ಗೋಣಿತಟ್ಟು ಸುತ್ತಿಕೊಂಡು, ಇಡೀ ಬಿಜಾಪುರವನ್ನು ಬೈಯುತ್ತಾ, ಕಿತ್ತು ರಾಶಿ ಹಾಕಿದರು. "ತಗೋ, ದಾರಿ ಬಿಟ್ಟಾಯ್ತು. ಇನ್ನಾದ್ರೂ ನಿಮ್ಮಕ್ಕನ್ನ ಕರಿ. ನಿನ್ನ ಸಾರು ತಿಂದು ನಾಲಿಗೆ ಸತ್ತೋಗಿದೆ" ಎಂದರು. ಕಾದೆ, ಅವಳು ಬರಲಿಲ್ಲ. ಕೊನೆಗೆ ನಾನೇ ಕೆದರಿದ ತಲೆಯಲ್ಲೇ ಖಾಲಿ ಬೋಸಿ ಹಿಡಿದು ಅವಳ ಹಿಂಬಾಗಿಲಿಗೆ ಹೋದೆ. ಬೆಳ್ಳುಳ್ಳಿ ಒಗ್ಗರಣೆ ಘಮ್ಮೆನ್ನುತ್ತಿತ್ತು. "ಅಕ್ಕಾ, ಏನ್ ಸಾರು?" ಎಂದೆ.

"ಅಯ್ಯೋ, ಬನ್ನಿ ಬನ್ನಿ, ನೀವ್ಯಾಕೆ ಈ ಕಡೆಯಿಂದ ಬರೋಕ್ಕೋದ್ರಿ?" ಎಂದು ಅವಳು ಗಾಬರಿಯಿಂದ ಎದ್ದು, ಒಲೆಯ ಮೇಲಿದ್ದ ಸಾರಿಗೆ ತಟ್ಟೆ ಮುಚ್ಚಿ, ನಡುಮನೆಯಲ್ಲಿ ಚಾಪೆ ಹಾಸಿದಳು. ಕಾಫಿ ಕೊಟ್ಟಳು. ಸಾರು ಕೇಳಲು ನನಗೆ ಬಾಯಿ ಬರಲಿಲ್ಲ. ಹೊರಟಾಗ ಹಣೆಗೆ ಕುಂಕುಮವಿಟ್ಟು, ನನ್ನ ಬೋಸಿಯೊಳಗೆ ಎಲೆಯಡಿಕೆ, ಬಾಳೆಹಣ್ಣು ಹಾಕಿ, ಮುಂಬಾಗಿಲ ತನಕ ಬಂದು ಕಳಿಸಿಕೊಟ್ಟಳು. ಕೆದರಿದ ತಲೆಯಲ್ಲಿ, ಬೋಸಿ ಹಿಡಿದುಕೊಂಡು, ಊರೆಲ್ಲ ನೋಡುತ್ತಿದ್ದಂತೆ ನಾನು ಬೀದಿ ಸುತ್ತಿ ಮನೆಗೆ ಬಂದೆ.